ಮಾತು ಬಾರದ ರೋಗಿಯೊಂದಿಗೆ ಒಂದು ವರ್ಷ



ಸಂಘದ ಸ್ವಯಂಸೇವಕ ವೈದ್ಯರಾಗಿ ನಾವು ಈ ಪುಟಗಳಲ್ಲಿ ಇದುವರೆಗೆ ರಕ್ತದೊತ್ತಡ, ಮಧುಮೇಹ, ಡಿ ಜೀವಸತ್ವದ ಕೊರತೆ ಮುಂತಾದ ವಿಷಯಗಳನ್ನು ಕುರಿತು ಬರೆದಿದ್ದೇವೆ. ಈ ಬಾರಿಯ ರೋಗಿ ಮನುಷ್ಯರಲ್ಲ. ಒಂದು ಕಿಲೋ ತೂಕವೂ ಇಲ್ಲದ, ಬಾಲವಿಲ್ಲದ, ಕಂದುಬಣ್ಣದ ಒಂದು ಗಿನಿ ಪಿಗ್. ಕಳೆದ ಯುಗಾದಿ ಕೂಟದಲ್ಲಿ ಊಟಕ್ಕೆ ಕುಳಿತಾಗ ಇಬ್ಬರು ಮೂವರು ತಾಯಂದಿರು, "ಡಾಕ್ಟ್ರೇ, ನಮ್ಮ ಮಕ್ಕಳೂ ಗಿನಿ ಪಿಗ್ ಬೇಕು ಅಂತ ಹಟ ಹಿಡಿದಿದ್ದಾರೆ, ನಿಮ್ಮ ಮನೆಯಲ್ಲಿ ಇದೆಯಂತಲ್ಲ, ಕಷ್ಟವೇನಾದರೂ ಇದೆಯೇ?" ಎಂದು ಕೇಳಿದರು. ಒಂದೇ ಮಾತಿನಲ್ಲಿ ಉತ್ತರಿಸಲು ನಮ್ಮಿಂದಾಗಲಿಲ್ಲ. ಆ ಉತ್ತರವೇ ಈ ಲೇಖನ. ಇದರಲ್ಲಿ ನಮ್ಮ ಜಾಣತನಕ್ಕಿಂತ ನಮ್ಮ ತಪ್ಪುಗಳೇ ಹೆಚ್ಚಾಗಿವೆ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇವೆ.

ಇಂಗ್ಲೆಂಡಿನ ಈ ಊರಿನಲ್ಲಿ 2021ರ ಬೇಸಿಗೆಯಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ, ಪ್ರಾಣಿರಕ್ಷಣಾ ಕೇಂದ್ರವೊಂದರಿಂದ ಎರಡು ಹೆಣ್ಣುಮರಿಗಳನ್ನು ಮನೆಗೆ ತಂದೆವು. ಒಂದನ್ನೇ ಕೊಡುವುದಿಲ್ಲ, ಜೊತೆಯಿಲ್ಲದೆ ಇವು ಕೊರಗುತ್ತವೆ ಎಂದು ಅಲ್ಲಿಯವರು ಖಡಾಖಂಡಿತವಾಗಿ ಹೇಳಿದರು. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂಟಿ ಗಿನಿ ಪಿಗ್ ಸಾಕುವುದು ಕಾನೂನಿಗೇ ವಿರುದ್ಧ ಎಂಬುದು ನಮಗೆ ತಿಳಿದದ್ದು ಆಮೇಲೆ. ಆಗ ಎಂಟು ವರ್ಷದವಳಿದ್ದ ನಮ್ಮ ಮಗಳು ಕಂದುಬಣ್ಣದ್ದಕ್ಕೆ 'ಬೆಲ್ಲ' ಎಂದೂ ಬಿಳಿಯದಕ್ಕೆ 'ಅವಲಕ್ಕಿ' ಎಂದೂ ಹೆಸರಿಟ್ಟಳು. ಹೆಸರಿನಲ್ಲಿ ಗಿನಿ ಇದ್ದರೂ ಇವು ಆಫ್ರಿಕದವಲ್ಲ, ಪಿಗ್ ಇದ್ದರೂ ಹಂದಿಗಳಲ್ಲ. ಇವುಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶ. ಪೆರು ದೇಶದವರು ಇವನ್ನು ಸಾವಿರಾರು ವರ್ಷಗಳಿಂದ ಸಾಕುತ್ತ ಬಂದಿದ್ದಾರೆ, ಆದರೆ ಮುದ್ದಿಗಲ್ಲ, ಆಹಾರಕ್ಕಾಗಿ.

ನಮಗಂತೂ ಗಿನಿ ಪಿಗ್ ಹೊಸದಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಎರಡನೆಯ ಹಂತದಲ್ಲಿ ಔಷಧಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅದರ ಸಣ್ಣಕರುಳಿನ ಒಂದು ತುಂಡನ್ನು ಬೆಚ್ಚನೆಯ ಲವಣದ್ರಾವಣದಲ್ಲಿ ತೂಗುಬಿಟ್ಟು, ಅಸಿಟೈಲ್ ಕೋಲಿನ್ನಿನ ಹನಿ ಹಾಕಿದಾಗ ಅದು ಕುಗ್ಗುವುದನ್ನು ನೋಡುತ್ತಿದ್ದೆವು. ಆ ಕುಗ್ಗುವಿಕೆಯನ್ನು ಕಡ್ಡಿಯೊಂದು ಮಸಿ ಹಿಡಿಸಿದ ಕಾಗದದ ಮೇಲೆ ಬರೆಯುತ್ತಿತ್ತು. ಪರೀಕ್ಷೆಗೆ ಗೆರೆಗಳ ಎತ್ತರವನ್ನು ಅಳೆದು ಬರೆದೆವು, ಅಂಕ ಪಡೆದೆವು. ಆ ಕರುಳಿನ ಸುತ್ತ ಒಂದು ಪ್ರಾಣಿ ಇತ್ತು, ಅದಕ್ಕೂ ಹಸಿವು, ಭಯ, ನೋವು ಇದ್ದವು ಎಂಬ ಯೋಚನೆ ಆಗ ಬಂದ ನೆನಪಿಲ್ಲ.

2024ರ ಏಪ್ರಿಲ್‌ನಲ್ಲಿ ನಮ್ಮ ತಾಯಿಯವರು ಹಾಸನದಿಂದ ಬಂದರು. ವೀಸಾದ ಮಿತಿಯಂತೆ ಆರು ತಿಂಗಳೊಳಗಿನ ವಾಸ. ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಅಮ್ಮನಿಗೆ ಜೊತೆಯೆಂದರೆ ಬೆಲ್ಲ ಮತ್ತು ಅವಲಕ್ಕಿ ಮಾತ್ರ. ಮೊದಲ ವಾರ "ಇಲಿಗಳನ್ನ ಮನೆಯೊಳಗೆ ಇಟ್ಕೊಂಡಿದೀರಲ್ಲೋ" ಎಂದವರು ಎರಡನೆಯ ವಾರ ಅವುಗಳ ಗೂಡಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತರಕಾರಿ ಹೆಚ್ಚತೊಡಗಿದರು. ಫ್ರಿಜ್ಜಿನ ಬಾಗಿಲು ತೆರೆದ ಸದ್ದಿಗೇ ಎರಡೂ 'ವೀಕ್, ವೀಕ್' ಎಂದು ಕೂಗುವುದನ್ನು ಕೇಳಿ ಅಮ್ಮನಿಗೆ ಎಲ್ಲಿಲ್ಲದ ಸಂಭ್ರಮ. ಕ್ಯಾರೆಟ್ಟು, ಸೌತೆಕಾಯಿ ಸಿಪ್ಪೆ, ಸೇಬಿನ ಚೂರು, ಒಮ್ಮೊಮ್ಮೆ ಚಪಾತಿಯ ತುಣುಕು. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸದ ಕೈ ಅದು.

ಆಗಸ್ಟ್ ತಿಂಗಳಲ್ಲಿ ಬೆಲ್ಲದ ಹಿಕ್ಕೆ ಮೆತ್ತಗಾಯಿತು. ಆರೋಗ್ಯವಾಗಿರುವ ಗಿನಿ ಪಿಗ್ಗಿನ ಹಿಕ್ಕೆ ಒಂದೇ ಅಳತೆಯ, ಗಟ್ಟಿಯಾದ, ಉದ್ದುರುಟು ಗುಳಿಗೆಯಂತಿರುತ್ತದೆ. ಬೆಲ್ಲದ್ದು ಅಂಟಂಟಾಗಿ, ಒಮ್ಮೆ ದೊಡ್ಡದು ಒಮ್ಮೆ ಸಣ್ಣದು ಆಗತೊಡಗಿತು. ಹೊಟ್ಟೆ ಉಬ್ಬರಿಸಿತು. ಒಂದು ದಿನ ಮೂಲೆಯಲ್ಲಿ ಮುದುಡಿ ಕುಳಿತು, ರೋಮ ನಿಮಿರಿಸಿಕೊಂಡು, ಕರೆದರೂ ಬರಲಿಲ್ಲ. ಪಶುವೈದ್ಯರಲ್ಲಿಗೆ ಒಯ್ದೆವು. ಅವರು "ಏನು ತೊಂದರೆ?" ಎಂದು ಕೇಳುವ ಮೊದಲೇ ನಾವೇ ರೋಗನಿರ್ಣಯ ಒಪ್ಪಿಸಿಬಿಟ್ಟೆವು: "ನಮ್ಮ ತಾಯಿಯವರು ಅತಿಯಾಗಿ ತಿನ್ನಿಸಿದ್ದಾರೆ." ಅವರು ಹೊಟ್ಟೆ ಮುಟ್ಟಿ ನೋಡಿ, ನೋವಿಗೂ ಕರುಳಿನ ಚಲನೆಗೂ ಔಷಧ ಕೊಟ್ಟು, ಹಣ್ಣು ನಿಲ್ಲಿಸಿ ಹುಲ್ಲು ಹೆಚ್ಚಿಸಿ ಎಂದರು. ಆ ದಿನದ ತೂಕ 930 ಗ್ರಾಂ. ಬೇಸಿಗೆಯ ಆರಂಭದಲ್ಲಿ 980 ಇತ್ತು.

ಮನೆಗೆ ಬಂದವರೇ ಅಮ್ಮನ ಮೇಲೆ ರೇಗಿದೆವು. "ಹೇಳದೆ ಕೇಳದೆ ಏನೇನೋ ತಿನ್ನಿಸ್ತೀಯಲ್ಲಮ್ಮ, ಅದರ ಜೀವ ಹೋದರೆ ನಿನ್ನ ಮೊಮ್ಮಗಳಿಗೆ ಏನು ಹೇಳ್ತೀಯ?" ಎಂದುಬಿಟ್ಟೆವು. ಅಮ್ಮ ಉತ್ತರ ಕೊಡಲಿಲ್ಲ. ಅಂದಿನಿಂದ ಗೂಡಿನ ಪಕ್ಕದ ಕುರ್ಚಿ ಊಟದ ಮೇಜಿಗೆ ಮರಳಿತು. ಸೆಪ್ಟೆಂಬರ್ ಕೊನೆಯ ವಾರ ಅವರು ಊರಿಗೆ ಹೊರಟಾಗ, ವಿಮಾನ ನಿಲ್ದಾಣದಲ್ಲಿ ಮೊಮ್ಮಗಳ ತಲೆ ಸವರಿ ಹೇಳಿದ್ದು ಒಂದೇ ಮಾತು: "ಬೆಲ್ಲನ್ನ ಹುಷಾರಾಗಿ ನೋಡ್ಕೋ ಪುಟ್ಟಿ. ನನಗೆ ಗೊತ್ತಾಗಲಿಲ್ಲ."

ಅಮ್ಮ ಹೋದರು, ಹಣ್ಣು ನಿಂತಿತು, ಚಪಾತಿ ನಿಂತಿತು. ಆದರೆ ಬೆಲ್ಲದ ಹೊಟ್ಟೆ ಸರಿಹೋಗಲಿಲ್ಲ. ನಾಲ್ಕು ದಿನ ಚೆನ್ನಾಗಿರುವುದು, ಐದನೆಯ ದಿನ ಮತ್ತೆ ಉಬ್ಬರ, ಮತ್ತೆ ಮೆತ್ತನೆಯ ಹಿಕ್ಕೆ, ಮತ್ತೆ ಮೂಲೆ. ಊಟದ ಬಟ್ಟಲು ಕಂಡರೆ ಆಸೆಯಿಂದ ಓಡಿಬರುತ್ತಿತ್ತು, ಎಲೆಯೊಂದನ್ನು ಕಚ್ಚಿ ಎಳೆಯುತ್ತಿತ್ತು, ಅಷ್ಟರಲ್ಲೇ ಕೆಳಗೆ ಬೀಳಿಸಿ ಸುಮ್ಮನಾಗುತ್ತಿತ್ತು. ಅದನ್ನು ಕಂಡಾಗಲೂ ನಾವು ಹೇಳಿದ್ದು, "ಅಮ್ಮ ರುಚಿ ಹತ್ತಿಸಿ ಹೋಗಿದ್ದಾರೆ, ಈಗ ಹುಲ್ಲು ಸೇರುತ್ತಿಲ್ಲ" ಎಂದು. ಕಾರಣವೆಂದು ನಾವು ನಂಬಿದ್ದು ಇಲ್ಲವಾಗಿ ಆರು ವಾರ ಕಳೆದರೂ ರೋಗ ಹಾಗೆಯೇ ಉಳಿದಿದ್ದರೆ, ಕಾರಣ ಅದಲ್ಲವೇನೋ ಎಂದು ಕೇಳಿಕೊಳ್ಳಬೇಕು. ಕಿರಿಯ ವೈದ್ಯರಿಗೆ ಇದನ್ನು ವಾರ್ಡಿನಲ್ಲಿ ನಾವೇ ಹೇಳಿಕೊಡುತ್ತೇವೆ. ಮನೆಯಲ್ಲಿ ಅದು ನಮ್ಮ ನೆನಪಿಗೆ ಬರಲಿಲ್ಲ.

ನವೆಂಬರ್ ಎರಡನೆಯ ಶನಿವಾರ ನಮ್ಮ ಸಂಘದ ದೀಪಾವಳಿ. ಮಗಳ ಭರತನಾಟ್ಯ, ನಮ್ಮ ಪಾಲಿಗೆ ಸಭಾಂಗಣದ ಕುರ್ಚಿ ಜೋಡಿಸುವ ಸೇವೆ. ಬೆಳಿಗ್ಗೆ ಹತ್ತಕ್ಕೆ ಹೋದವರು ರಾತ್ರಿ ಹನ್ನೊಂದಕ್ಕೆ ಮನೆ ಸೇರಿದೆವು. ಬೆಳಿಗ್ಗೆ ಇಟ್ಟ ಹುಲ್ಲು ಅರ್ಧ ಹಾಗೆಯೇ ಇತ್ತು. ಅವಲಕ್ಕಿ ಎಂದಿನಂತೆ ಕೂಗಿತು. ಬೆಲ್ಲ ಮುದುಡಿ ಕುಳಿತಿತ್ತು, ಗದ್ದ ಒದ್ದೆಯಾಗಿತ್ತು, ಅದರ ಕಡೆಯ ನೆಲದಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ.

ಗದ್ದದ ಒದ್ದೆ ನೋಡಿ ಬಾಯೊಳಗೆ ಸೋಂಕು ಎಂದುಕೊಂಡೆವು. ನಮ್ಮೆಲ್ಲರ ಮನೆಗಳಲ್ಲೂ ಊರಿನಿಂದ ಬರುವಾಗ ತಂದ ಔಷಧಗಳ ಒಂದು ಡಬ್ಬಿ ಇರುತ್ತದೆಯಲ್ಲ, ಅದನ್ನು ಕೆಳಗಿಳಿಸಿದೆವು. ಅದರಲ್ಲಿ ಅಮಾಕ್ಸಿಸಿಲಿನ್ ಸಿರಪ್ಪಿನ ಒಡೆಯದ ಸೀಸೆ ಇತ್ತು. ಹಲ್ಲಿನ ಸೋಂಕಿಗೆ ಮನುಷ್ಯರಿಗೆ ನಿಶ್ಚಿಂತೆಯಿಂದ ಬರೆದುಕೊಡುವ ಔಷಧ ಅದು. ತೂಕಕ್ಕೆ ತಕ್ಕ ಪ್ರಮಾಣವನ್ನು ಲಕೋಟೆಯ ಹಿಂಭಾಗದಲ್ಲಿ ಲೆಕ್ಕ ಹಾಕಿದೆವು, ಪುಡಿಗೆ ನೀರು ಬೆರೆಸಿದೆವು, ಸಿರಿಂಜಿಗೆ ಎಳೆದೂ ಆಯಿತು. ನೃತ್ಯದ ಉಡುಪಿನಲ್ಲೇ ನಿಂತಿದ್ದ ಮಗಳು ಕೇಳಿದಳು: "ಅಪ್ಪ, ನೀವು ಬೆಲ್ಲನ ಡಾಕ್ಟರಾ?"

ನಮ್ಮ ಮನೆಯವರು ಅಷ್ಟರಲ್ಲಿ ರಾತ್ರಿಪಾಳಿಯ ಪಶುಚಿಕಿತ್ಸಾಲಯಕ್ಕೆ ಫೋನು ಹಚ್ಚಿದ್ದರು. ಅತ್ತಲಿಂದ ದಾದಿ ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಏನಾದರೂ ಔಷಧ ಕೊಟ್ಟಿದ್ದೀರಾ?" ಎಂದು. ಹೆಸರು ಹೇಳಿದ ಕೂಡಲೇ ಆಕೆಯ ದನಿ ಬದಲಾಯಿತು. "ಕೊಡಬೇಡಿ. ಬಾಯಿಗೆ ಹಾಕಬೇಡಿ. ಕೂಡಲೇ ಕರೆತನ್ನಿ." ಸಿರಿಂಜನ್ನು ಕೆಳಗಿಟ್ಟ ನಮ್ಮ ಕೈ ನಡುಗುತ್ತಿತ್ತು.

ಏಕೆಂದು ಇಲ್ಲಿ ವಿವರಿಸಬೇಕು, ಗಿನಿ ಪಿಗ್ ಇರುವ ಪ್ರತಿ ಮನೆಗೂ ಇದು ತಿಳಿದಿರಬೇಕು. ಹುಲ್ಲಿನ ನಾರನ್ನು ಜೀರ್ಣಿಸಿಕೊಳ್ಳುವ ಶಕ್ತಿ ಗಿನಿ ಪಿಗ್ಗಿಗೆ ಸ್ವಂತವಾಗಿ ಇಲ್ಲ. ನಮ್ಮ ಹಸುವಿಗೆ ಮುಂದಿನ ಹೊಟ್ಟೆಯಲ್ಲಿ ನಡೆಯುವ ಹುದುಗುವಿಕೆ ಇದಕ್ಕೆ ಹಿಂದಿನ ಕರುಳಿನಲ್ಲಿ, ಅಂಧಾಂತ್ರವೆಂಬ ದೊಡ್ಡ ಚೀಲದಲ್ಲಿ ನಡೆಯುತ್ತದೆ. ಆ ಚೀಲದಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳೇ ನಾರನ್ನು ಒಡೆದು ಪೋಷಕಾಂಶಗಳನ್ನು ಸಿದ್ಧಪಡಿಸುತ್ತವೆ. ಗಿನಿ ಪಿಗ್ ತನ್ನ ಮೃದು ಹಿಕ್ಕೆಯನ್ನು ತಾನೇ ತಿನ್ನುವುದು ಕೂಡ ಕೊಳಕು ಅಭ್ಯಾಸವಲ್ಲ. ಅದರಲ್ಲಿರುವ ಬಿ ಜೀವಸತ್ವಗಳನ್ನೂ ಪೋಷಕಾಂಶಗಳನ್ನೂ ಪಡೆಯುವ ಕ್ರಮ ಅದು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್‌ನಂಥ ಔಷಧಗಳು ಬಾಯಿಯ ಮೂಲಕ ಹೋದರೆ ಈ ಉಪಕಾರಿ ಜೀವಿಗಳನ್ನೇ ಕೊಲ್ಲುತ್ತವೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಮ್ ಜಾತಿಯ ಬ್ಯಾಕ್ಟೀರಿಯಾ ಬೆಳೆದು ವಿಷ ಕಾರುತ್ತವೆ. ಪ್ರಾಣಿ ಕೆಲವೇ ದಿನಗಳಲ್ಲಿ ಸಾಯಬಹುದು. 1940ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಪೆನಿಸಿಲಿನ್ನಿನ ಮೊದಲ ನಿರ್ಣಾಯಕ ಪರೀಕ್ಷೆಯನ್ನು ಎಂಟು ಬಿಳಿ ಇಲಿಗಳ ಮೇಲೆ ಮಾಡಿದರು. ಅಂದು ಅವರು ಇಲಿಗಳ ಬದಲು ಗಿನಿ ಪಿಗ್ಗುಗಳನ್ನು ಆರಿಸಿಕೊಂಡಿದ್ದರೆ ಆ ಔಷಧವನ್ನು ವಿಷವೆಂದು ಕೈಬಿಡುತ್ತಿದ್ದರೋ ಏನೋ.

ಈ ದೇಶದಲ್ಲಿ 1966ರ ಕಾಯ್ದೆಯಂತೆ ಪ್ರಾಣಿಗಳ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ. ಆ ಕಾಯ್ದೆಯ ಹಿಂದಿನ ವಿವೇಕ ನಮಗೆ ಆ ರಾತ್ರಿ ಅರ್ಥವಾಯಿತು.

ಚಿಕಿತ್ಸಾಲಯದಲ್ಲಿ ಬೆಲ್ಲದ ತೂಕ 790 ಗ್ರಾಂ. ಐದರಲ್ಲಿ ಒಂದು ಭಾಗದಷ್ಟು ದೇಹ ಕರಗಿಹೋಗಿತ್ತು. ದಟ್ಟ ರೋಮದ ಕೆಳಗೆ ನಮಗೆ ಅದು ಕಂಡಿರಲೇ ಇಲ್ಲ. ಅಲ್ಲಿದ್ದ ಪಶುವೈದ್ಯೆ ಸಣ್ಣ ಪ್ರಾಣಿಗಳಲ್ಲಿ ಪರಿಣತಿ ಪಡೆದವರು. ನಾವು ಮತ್ತೆ ಅಮ್ಮನ ಕ್ಯಾರೆಟ್ಟಿನ ಕಥೆ ಆರಂಭಿಸಿದಾಗ ನಯವಾಗಿ ತಡೆದು ಕೇಳಿದರು: "ಅದು ಆಹಾರದ ಬಳಿಗೆ ಬರುತ್ತದೆಯೇ? ಬಂದು ತಿನ್ನುತ್ತದೆಯೇ, ಬೀಳಿಸುತ್ತದೆಯೇ?" ಬೀಳಿಸುತ್ತದೆ ಎಂದಳು ಮಗಳು. "ಹಾಗಾದರೆ ಅದಕ್ಕೆ ಹಸಿವಿದೆ. ತಿನ್ನಲು ಆಗುತ್ತಿಲ್ಲ" ಎಂದರು ಅವರು.

ಗಿನಿ ಪಿಗ್ಗಿನ ಇಪ್ಪತ್ತು ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಗಂಟೆಗಟ್ಟಲೆ ಅರೆಯುವುದರಿಂದ ಮಾತ್ರ ಅವು ಸವೆದು ಸಮವಾಗಿರುತ್ತವೆ. ಬೆಲ್ಲದ ಕೆಳದವಡೆಯ ಹಲ್ಲುಗಳು ಎರಡೂ ಕಡೆಯಿಂದ ಒಳಮುಖವಾಗಿ ಬೆಳೆದು ನಾಲಿಗೆಯ ಮೇಲೆ ಸೇತುವೆಯಂತೆ ಬಾಗಿದ್ದವು. ಹುಲ್ಲು ನುಂಗಲು ನಾಲಿಗೆ ಏಳುತ್ತಿರಲಿಲ್ಲ. ನುಂಗಲಾಗದ ಜೊಲ್ಲೇ ಗದ್ದದ ಒದ್ದೆ. ನಾರು ಇಳಿಯದ್ದರಿಂದ ಕರುಳು ನಿಧಾನವಾಗಿ, ಒಳಗಿದ್ದದ್ದು ಹುಳಿತು ವಾಯು ತುಂಬಿ, ಹಿಕ್ಕೆ ಕೆಡುತ್ತಿತ್ತು. ನಾವು ಮೂರು ತಿಂಗಳು ಹೊಟ್ಟೆಯನ್ನೇ ನೋಡುತ್ತಿದ್ದೆವು, ರೋಗ ಬಾಯಲ್ಲಿತ್ತು.

ಹಲ್ಲು ಹೀಗೇಕಾಯಿತು ಎಂದು ಕೇಳಿದೆವು. ಹುಟ್ಟಿನಿಂದಲೇ ದವಡೆಯ ರಚನೆ ಹಾಗಿರಬಹುದು, ಹುಲ್ಲು ಸಾಲದೆಯೂ ಇರಬಹುದು ಎಂದರು. ದಿನಕ್ಕೆ ಎಷ್ಟು ಗುಳಿಗೆ ಆಹಾರ ಕೊಡುತ್ತೀರಿ ಎಂದು ವಿಚಾರಿಸಿದರು. ಅಂಗಡಿಯಲ್ಲಿ ಕೊಂಡ ಗುಳಿಗೆ ಆಹಾರದ ಬಟ್ಟಲನ್ನು ನಾವು ಮೂರು ವರ್ಷಗಳಿಂದಲೂ ತುಂಬಿಸಿಯೇ ಇಡುತ್ತಿದ್ದೆವು. ಬೆಳಿಗ್ಗೆ ಕೆಲಸಕ್ಕೆ ಓಡುವ ಅವಸರದಲ್ಲಿ ಅದೇ ಸುಲಭ. ಹೊಟ್ಟೆ ತುಂಬಿದ ಪ್ರಾಣಿ ಹುಲ್ಲನ್ನು ಮುಟ್ಟುವುದು ಕಡಿಮೆ. ಅಂದರೆ ತಪ್ಪು ಇದ್ದರೆ ಅದು ಅಮ್ಮ ವಿಮಾನ ಹತ್ತುವುದಕ್ಕೂ ಮೊದಲಿನದು, ನಮ್ಮ ಕೈಯಿನದು.

ಮುಂದಿನ ತೀರ್ಮಾನ ಕಷ್ಟದ್ದಾಗಿತ್ತು. ಹಲ್ಲು ಸರಿಪಡಿಸಲು ಅರಿವಳಿಕೆ ಕೊಡಬೇಕು, ಇಷ್ಟು ಸೊರಗಿದ ಸಣ್ಣ ಪ್ರಾಣಿ ಎಚ್ಚರಗೊಳ್ಳದೆಯೂ ಹೋಗಬಹುದು. ಎದ್ದರೂ ಹಲ್ಲು ಮತ್ತೆ ಬೆಳೆಯುತ್ತದೆ, ಕೆಲವು ವಾರಗಳಿಗೊಮ್ಮೆ ಇದೇ ಚಿಕಿತ್ಸೆ. ನೋವಿಲ್ಲದೆ ಕಳಿಸಿಕೊಡುವ ದಾರಿಯೂ ಇದೆ, ಅದನ್ನು ಆರಿಸಿಕೊಂಡರೆ ಯಾರೂ ನಿಮ್ಮನ್ನು ತಪ್ಪು ತಿಳಿಯುವುದಿಲ್ಲ ಎಂದೂ ಪಶುವೈದ್ಯೆ ಹೇಳಿದರು. ಗೆಳೆಯರೊಬ್ಬರು ಫೋನಿನಲ್ಲಿ, "ಅಷ್ಟು ದುಡ್ಡಿಗೆ ಹೊಸದು ಹತ್ತು ಬರುತ್ತಲ್ಲ ಸಾರ್" ಎಂದರು. ಲೆಕ್ಕದ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಆದರೆ ಮಗಳು ಪಕ್ಕದಲ್ಲಿ ನಿಂತಿದ್ದಳು. ಕಾಯಿಲೆಯವರನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಎಂಬುದನ್ನು ಅವಳು ಕಲಿಯುತ್ತಿದ್ದದ್ದು ನಮ್ಮ ಉಪದೇಶದಿಂದಲ್ಲ. ಸಾಧ್ಯತೆಗಳೆಲ್ಲವನ್ನೂ ಮುಚ್ಚಿಡದೆ ಅವಳಿಗೆ ಹೇಳಿದೆವು. "ಒಂದು ಸಲ ಪ್ರಯತ್ನ ಮಾಡೋಣ. ಅವಳಿಗೆ ತುಂಬಾ ಕಷ್ಟ ಆದರೆ ನಿಲ್ಲಿಸೋಣ" ಎಂದಳು. ಅದಕ್ಕಿಂತ ಒಳ್ಳೆಯ ಚಿಕಿತ್ಸಾಯೋಜನೆ ನಮಗೂ ತೋಚಲಿಲ್ಲ.

ಎರಡು ದಿನ ಆಹಾರ, ದ್ರವ, ನೋವುಶಮನ ಕೊಟ್ಟು ಚೇತರಿಸಿಕೊಂಡ ಮೇಲೆ ಹಲ್ಲು ಕತ್ತರಿಸಿದರು. ಬೆಲ್ಲ ಎದ್ದಿತು. ನಂತರದ ಮೂರು ವಾರ ನಮ್ಮ ಮನೆ ಬಾಣಂತಿಯ ಮನೆಯಂತಿತ್ತು. ಹುಲ್ಲಿನ ಪುಡಿಯಿಂದ ಮಾಡಿದ ಪಥ್ಯದ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ತೆಳುವಾದ ಗಂಜಿ ಮಾಡಿ, ಒಂದು ಮಿಲಿಲೀಟರಿನ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪಸ್ವಲ್ಪವೇ ಕೊಡಬೇಕು. ಅವಸರ ಮಾಡಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲೂ. ನಮ್ಮ ಮನೆಯವರು ಹನ್ನೆರಡಕ್ಕೆ, ನಾವು ಮೂರಕ್ಕೆ, ಮಗಳು ಶಾಲೆಗೆ ಹೋಗುವ ಮೊದಲು ಆರಕ್ಕೆ. ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು ದಿನವೂ ತೂಕ. ಮಗಳು ತನ್ನ ನೋಟುಪುಸ್ತಕದಲ್ಲಿ ಗೆರೆ ಎಳೆದು ತಾರೀಖು, ತೂಕ, ಹಿಕ್ಕೆಯ ಸಂಖ್ಯೆ ಬರೆದಳು: 794, 801, 798, 812. ಹುಬ್ಬಳ್ಳಿಯ ಮಸಿಯ ಕಾಗದದ ಮೇಲೆ ನಾವೂ ಗಿನಿ ಪಿಗ್ಗಿನ ಕರುಳಿನ ಲೆಕ್ಕ ಬರೆದಿದ್ದೆವು. ಮಗಳ ಲೆಕ್ಕದಲ್ಲಿ ಪ್ರಾಣಿಯೂ ಇತ್ತು.

ಹತ್ತನೆಯ ದಿನ ಬೆಲ್ಲ ತಾನಾಗಿ ಒಂದು ಹುಲ್ಲಿನ ಎಸಳನ್ನು ಕೊನೆಯವರೆಗೆ ಅಗಿದು ನುಂಗಿತು. ಆ ಸಂಜೆ ಅಮ್ಮನಿಗೆ ವೀಡಿಯೊ ಕರೆ ಮಾಡಿದೆವು. ಅವರ ಮೊದಲ ಪ್ರಶ್ನೆ ಎಂದಿನಂತೆ, "ಬೆಲ್ಲ ಹೇಗಿದೆ?" ಎಂಬುದೇ. ಎರಡು ತಿಂಗಳಿಂದ ಪ್ರತಿ ಕರೆಯಲ್ಲೂ ಅವರು ಹೀಗೆ ಕೇಳುತ್ತಿದ್ದದ್ದೂ, ನಾವು "ಪರವಾಗಿಲ್ಲ" ಎಂದು ಮೊಟಕಾಗಿ ಮುಗಿಸುತ್ತಿದ್ದದ್ದೂ ನೆನಪಾಯಿತು. ಹಲ್ಲಿನ ವಿಷಯ ಬಿಡಿಸಿ ಹೇಳಿದೆವು. "ನಿನ್ನಿಂದ ಆದದ್ದಲ್ಲಮ್ಮ. ಸುಮ್ಮನೆ ನಿನ್ನನ್ನು ಅಂದುಬಿಟ್ಟೆವು. ತಪ್ಪಾಯಿತು" ಎಂದೆವು. ಅಮ್ಮ ಸ್ವಲ್ಪ ಹೊತ್ತು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಹೋಗ್ಲಿ ಬಿಡೋ. ದಿನಾ ದೇವರಿಗೆ ಕೈಮುಗೀವಾಗ ಅದರ ಹೆಸರೂ ಹೇಳ್ತಿದ್ದೆ, ನನ್ನಿಂದ ಒಂದು ಜೀವ ಹೋಯ್ತು ಅಂತ ಆಗಬಾರದು ಅಂತ" ಎಂದರು. ಏಳು ಸಾವಿರ ಕಿಲೋಮೀಟರಿಗೂ ಆಚೆ ಎಪ್ಪತ್ತು ದಾಟಿದ ಜೀವವೊಂದು ಈ ಭಾರ ಹೊತ್ತು ಕುಳಿತಿದ್ದು ನಮಗೆ ತಿಳಿದೇ ಇರಲಿಲ್ಲ.

ಗಿನಿ ಪಿಗ್ ಸಾಕಬೇಕೆಂದಿರುವ ಮನೆಗಳಿಗೆ, ಪಶುವೈದ್ಯರಿಂದ ನಾವು ಕಲಿತ ಕೆಲವು ಮಾತುಗಳನ್ನು ಇಲ್ಲಿ ಸೇರಿಸುತ್ತೇವೆ. ಆಹಾರದ ಬಹುಪಾಲು ಟಿಮೊತಿಯಂಥ ಒಣಹುಲ್ಲೇ ಆಗಿರಲಿ, ದಿನವಿಡೀ ಎಟುಕುವಂತಿರಲಿ. ಗುಳಿಗೆ ಆಹಾರ ದಿನಕ್ಕೆ ಒಂದೆರಡು ಚಮಚ ಸಾಕು. ಮನುಷ್ಯರಂತೆ ಇವುಗಳ ದೇಹವೂ ಸಿ ಜೀವಸತ್ವವನ್ನು ತಯಾರಿಸಿಕೊಳ್ಳಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಸ್ಕರ್ವಿ ರೋಗವನ್ನು ಅರಿತದ್ದು ಗಿನಿ ಪಿಗ್ಗುಗಳ ಮೂಲಕವೇ. ಆದುದರಿಂದ ದಿನವೂ ದೊಣ್ಣೆಮೆಣಸಿನಕಾಯಿಯ ಒಂದು ಹೋಳು, ಒಂದಿಷ್ಟು ಹಸಿರೆಲೆ ಇರಲಿ. ಹೊಸ ತರಕಾರಿಯನ್ನು ಒಮ್ಮೆಲೇ ಹೆಚ್ಚಾಗಿ ಕೊಡಬೇಡಿ, ಹಣ್ಣು ಅಪರೂಪಕ್ಕೆ, ಚಪಾತಿ, ಅನ್ನ, ಬಿಸ್ಕತ್ತು ಬೇಡವೇ ಬೇಡ. ಗಿನಿ ಪಿಗ್ ವಾಂತಿ ಮಾಡಲಾರದು, ನೋವನ್ನು ತೋರಿಸಿಕೊಳ್ಳುವುದೂ ಇಲ್ಲ, ಕಾಡಿನಲ್ಲಿ ನೋವು ತೋರಿಸಿದ ಪ್ರಾಣಿ ಬೇಟೆಯಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ನಿಂತರೆ ನಾಳೆಗೆಂದು ಕಾಯಬೇಡಿ. ಊರಿನಿಂದ ತಂದ ಔಷಧದ ಡಬ್ಬಿಯನ್ನಂತೂ ತೆರೆಯಲೇಬೇಡಿ.

ಬೆಲ್ಲಕ್ಕೆ ಪೂರ್ತಿ ಗುಣವಾಗಿಲ್ಲ, ಆಗುವುದೂ ಇಲ್ಲ. ಎಂಟು ಹತ್ತು ವಾರಗಳಿಗೊಮ್ಮೆ ಹಲ್ಲು ಸರಿಪಡಿಸಬೇಕು, ನಡುನಡುವೆ ಹೊಟ್ಟೆ ಕೆಡುತ್ತದೆ, ಮತ್ತೆ ಸಿರಿಂಜು, ಮತ್ತೆ ರಾತ್ರಿಯ ಪಾಳಿ. ಅದಕ್ಕೆ ಕಷ್ಟ ಹೆಚ್ಚಾದ ದಿನ ನಿಲ್ಲಿಸುವುದೆಂಬ ಮಗಳ ಮಾತು ಇಂದಿಗೂ ಜಾರಿಯಲ್ಲಿದೆ. ಆ ದಿನ ಇನ್ನೂ ಬಂದಿಲ್ಲ. ಇಂದು ಬೆಳಗಿನ ತೂಕ 905 ಗ್ರಾಂ.

ಅಮ್ಮ ಮುಂದಿನ ವಸಂತದಲ್ಲಿ ಮತ್ತೆ ಬರುವವರಿದ್ದಾರೆ. ಮಗಳು ಈಗಾಗಲೇ ಅವರಿಗೆಂದು ಫ್ರಿಜ್ಜಿನ ಬಾಗಿಲಿಗೆ ಕನ್ನಡದಲ್ಲಿ ಒಂದು ಪಟ್ಟಿ ಬರೆದು ಅಂಟಿಸಿದ್ದಾಳೆ: ಏನು ಕೊಡಬಹುದು, ಎಷ್ಟು ಕೊಡಬಹುದು. ಒತ್ತಕ್ಷರಗಳಲ್ಲಿ ಎರಡು ತಪ್ಪುಗಳಿವೆ, ತಿದ್ದಲು ನಮಗೆ ಮನಸ್ಸಾಗಿಲ್ಲ. ಗೂಡಿನ ಪಕ್ಕಕ್ಕೆ ಕುರ್ಚಿಯನ್ನು ಮರಳಿ ಹಾಕಿದ್ದೇವೆ.